ಅನುದಾನ ಹುಡುಕುವುದು: ಅರ್ಜಿ ಬರೆಯುವ ಮೊದಲಿನ ಕೆಲಸ

ಅನುದಾನದ ಅರ್ಜಿ ತಿರಸ್ಕಾರವಾದರೆ ಎಲ್ಲರೂ ಮೊದಲು ಬರವಣಿಗೆಯನ್ನು ದೂರುತ್ತಾರೆ. ಆದರೆ ದಾನಿ ಸಂಸ್ಥೆಗಳಲ್ಲಿ ಬಹಳಷ್ಟು ಅರ್ಜಿಗಳು ಮೊದಲ ಸುತ್ತಿನಲ್ಲೇ, ಯಾರೂ ಪೂರ್ತಿ ಓದುವ ಮೊದಲೇ ಪಕ್ಕಕ್ಕೆ ಸರಿಯುತ್ತವೆ. ಊರು ಹೊಂದಲಿಲ್ಲ, ನೋಂದಣಿ ಹೊಂದಲಿಲ್ಲ, ಕೇಳಿದ ಮೊತ್ತ ಅವರ ಅಳತೆಯದ್ದಲ್ಲ ಎಂಬ ಕಾರಣಗಳೇ ಹೆಚ್ಚು. ಆದ್ದರಿಂದ ಈ ಟಿಪ್ಪಣಿ ಹುಡುಕಾಟಕ್ಕೆ ಮತ್ತು ಲೆಕ್ಕಕ್ಕೆ ಜಾಸ್ತಿ ಜಾಗ ಕೊಡುತ್ತದೆ, ಅರ್ಜಿಯ ಭಾಷೆಗೆ ಕಡಿಮೆ.

ಯಾವ ಬಗೆಯ ಹಣ ಬೇಕು

ನಿರ್ದಿಷ್ಟ ಕೆಲಸಕ್ಕೆ ಮಾತ್ರ ಖರ್ಚು ಮಾಡಬೇಕಾದದ್ದು ಯೋಜನಾ ಅನುದಾನ. ಬಾಡಿಗೆ, ಲೆಕ್ಕಪರಿಶೋಧನೆ, ಕಚೇರಿ ಸಿಬ್ಬಂದಿಯ ಸಂಬಳದಂಥ ನಿತ್ಯದ ಖರ್ಚಿಗೆ ಸಿಗುವುದು ಮೂಲ ಬೆಂಬಲ. ಕಟ್ಟಡ, ವಾಹನ, ಉಪಕರಣಗಳಿಗೆ ಸಿಗುವುದು ಬಂಡವಾಳ ಅನುದಾನ. ಮೊದಲನೆಯದು ಹೆಚ್ಚು ಸಿಗುತ್ತದೆ, ಎರಡನೆಯದು ತೀರಾ ಅಪರೂಪ. ಬಂಡವಾಳ ಅನುದಾನ ಕೊಡುವವರು ‘ಮುಂದೆ ಇದನ್ನು ನಡೆಸುವ ಖರ್ಚು ಯಾರದು?’ ಎಂದು ಕೇಳಿಯೇ ಕೇಳುತ್ತಾರೆ. ಕಂಪ್ಯೂಟರ್ ಕೇಳುವ ಶಾಲೆ ವಿದ್ಯುತ್ ಬಿಲ್ಲು, ರಿಪೇರಿ, ಕಲಿಸುವವರ ಬಗ್ಗೆ ಒಂದು ಸಾಲನ್ನೂ ಬರೆಯದಿದ್ದರೆ ಅಲ್ಲಿಗೇ ಮುಗಿಯಿತು.

ಶಾಲೆಗಳಿಗೆ ಇನ್ನೊಂದು ತೊಡಕುಂಟು. ಸರಕಾರ ಕಾನೂನುಬದ್ಧವಾಗಿ ಕೊಡಲೇಬೇಕಾದದ್ದಕ್ಕೆ, ಅಂದರೆ ಕಾಯಂ ಶಿಕ್ಷಕರ ಸಂಬಳದಂಥದ್ದಕ್ಕೆ, ಬಹುತೇಕ ದಾನಿಗಳು ಹಣ ಕೊಡುವುದಿಲ್ಲ. ತಾವು ಕೊಟ್ಟರೆ ಸರಕಾರ ಕೈ ತೊಳೆದುಕೊಳ್ಳುತ್ತದೆ ಎಂಬುದು ಅವರ ವಾದ, ಅದು ಸರಿಯೂ ಹೌದು. ಶಾಲೆ ಕೇಳಬೇಕಾದದ್ದು ಅದರ ಮೇಲಿನ ಹೆಚ್ಚುವರಿ ಕೆಲಸಕ್ಕೆ. ಹಣ ಯಾವ ಖಾತೆಗೆ ಬರುತ್ತದೆ, ಶಾಲೆಯದೋ ಪೋಷಕರ ಸಮಿತಿಯದೋ, ಸಹಿ ಯಾರದು ಎಂಬುದು ಹುಡುಕಾಟಕ್ಕೆ ಮೊದಲೇ ಠರಾವಿನಲ್ಲಿ ಇತ್ಯರ್ಥವಾಗಿರಲಿ.

ದಾನಿಯ ಮಾತಿಗಿಂತ ದಾನಿಯ ಪಟ್ಟಿ

ದಾನಿಯ ಜಾಲತಾಣದಲ್ಲಿ ‘ಶಿಕ್ಷಣ, ಆರೋಗ್ಯ, ಪರಿಸರ, ಸಬಲೀಕರಣ’ ಎಂದು ನಾಲ್ಕು ದಿಕ್ಕಿಗೂ ಕೈ ಚಾಚಿದಂತೆ ಬರೆದಿರುತ್ತದೆ. ಅದನ್ನು ನಂಬಿ ಅರ್ಜಿ ಹಾಕುವವರೇ ಹೆಚ್ಚು. ನಿಜ ಸಂಗತಿ ತಿಳಿಯುವುದು ಹಿಂದಿನ ಎರಡು ಮೂರು ವರ್ಷ ಯಾರಿಗೆ, ಎಲ್ಲಿ, ಎಷ್ಟು ಕೊಟ್ಟಿದ್ದಾರೆ ಎಂಬ ಪಟ್ಟಿಯಿಂದ. ಈ ಪಟ್ಟಿ ಹಲವು ದೇಶಗಳಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.

ಅಮೆರಿಕದ ಖಾಸಗಿ ಪ್ರತಿಷ್ಠಾನಗಳು ಪ್ರತಿವರ್ಷ 990-ಪಿಎಫ್ ಎಂಬ ತೆರಿಗೆ ನಮೂನೆ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಆ ವರ್ಷ ಕೊಟ್ಟ ಅನುದಾನಗಳ ಪಟ್ಟಿ ಅದರಲ್ಲಿರುತ್ತದೆ. ತಾವೇ ಆರಿಸಿದ ಸಂಸ್ಥೆಗಳಿಗಷ್ಟೇ ಕೊಡುತ್ತೇವೆ, ಹೊರಗಿನ ಅರ್ಜಿ ಸ್ವೀಕರಿಸುವುದಿಲ್ಲ ಎಂದು ಗುರುತು ಹಾಕುವ ಚೌಕವೂ ಅದರಲ್ಲೇ ಇದೆ. ಅಲ್ಲಿ ಗುರುತು ಕಂಡರೆ ಆ ಹೆಸರನ್ನು ಹೊಡೆದುಹಾಕಿ ಮುಂದೆ ಹೋಗುವುದೇ ಜಾಣತನ. ಬ್ರಿಟನ್ನಿನಲ್ಲಿ 360ಗಿವಿಂಗ್ ಎಂಬ ಸಂಸ್ಥೆ ನಡೆಸುವ ಗ್ರಾಂಟ್‌ನ್ಯಾವ್ ಎಂಬ ಜಾಲತಾಣದಲ್ಲಿ ಹಲವು ದಾನಿಗಳ ಅನುದಾನದ ಮಾಹಿತಿಯನ್ನು ಒಂದೇ ಕಡೆ ಹುಡುಕಬಹುದು.

ಭಾರತದಲ್ಲಿ 2013ರ ಕಂಪನಿ ಕಾಯ್ದೆಯ 135ನೇ ಕಲಮಿಗೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2%ರಷ್ಟನ್ನು ಸಿಎಸ್ಆರ್‌ಗೆ, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ, ಖರ್ಚು ಮಾಡಬೇಕು. ಕಂಪನಿಯ ವಾರ್ಷಿಕ ವರದಿಯ ಸಿಎಸ್ಆರ್ ಅನುಬಂಧವನ್ನು ತೆರೆದು ಜಿಲ್ಲೆಗಳ ಹೆಸರು ನೋಡಿ. ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಕಂಪನಿ ಆದ್ಯತೆ ಕೊಡಬೇಕೆಂದು ಕಲಮೇ ಹೇಳುತ್ತದೆ. ಹಾಗಾಗಿ ಕಾರ್ಖಾನೆಯಿಂದ ದೂರದ ಜಿಲ್ಲೆಯವರ ಕರೆಗೆ ಉತ್ತರ ಬರದಿದ್ದರೆ ಅಚ್ಚರಿಯಿಲ್ಲ. ಸಿಎಸ್ಆರ್ ಹಣದಲ್ಲಿ ಕೆಲಸ ಮಾಡುವ ಸಂಸ್ಥೆಗೆ ಸಿಎಸ್ಆರ್-1 ಎಂಬ ಸರಕಾರಿ ನಮೂನೆಯ ನೋಂದಣಿ 2021ರ ಏಪ್ರಿಲ್ 1ರಿಂದ ಕಡ್ಡಾಯ. ಕಂಪನಿಯೇ ಹುಟ್ಟುಹಾಕದ ಟ್ರಸ್ಟ್ ಅಥವಾ ಸೊಸೈಟಿಯಾದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿಯ ಜತೆಗೆ ಕನಿಷ್ಠ ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆಯೂ ಬೇಕು. ನಿನ್ನೆ ಮೊನ್ನೆ ಹುಟ್ಟಿದ ಸಂಸ್ಥೆ ಈ ಬಾಗಿಲು ಬಡಿಯುವುದು ಸಮಯ ದಂಡ.

ಪಟ್ಟಿ ಸಿಕ್ಕಮೇಲೆ ಸರಾಸರಿ ನೋಡಬೇಡಿ, ಮಧ್ಯದ ಮೊತ್ತ (ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವುದು) ನೋಡಿ. ಹತ್ತು ಅನುದಾನಗಳಲ್ಲಿ ಒಂಬತ್ತು ತಲಾ 2 ಲಕ್ಷ, ಒಂದು 82 ಲಕ್ಷ ಎಂದಿಟ್ಟುಕೊಳ್ಳಿ. ಒಟ್ಟು 100 ಲಕ್ಷ, ಸರಾಸರಿ 10 ಲಕ್ಷ. ಅದನ್ನು ನೋಡಿ 10 ಲಕ್ಷ ಕೇಳಿದರೆ ಕೆಟ್ಟಿರಿ. ಆ 82 ಲಕ್ಷ ಸಾಮಾನ್ಯವಾಗಿ ಹಳೆಯ ನಂಟಿನ ಸಂಸ್ಥೆಯದು. ಹೊಸಬರಿಗೆ ಸಿಗುವುದು 2 ಲಕ್ಷವೇ. ಒಂದೇ ಹೆಸರು ಪ್ರತಿವರ್ಷ ಬರುತ್ತಿದೆಯೇ, ಹೊಸ ಹೆಸರುಗಳು ಎಷ್ಟು ಎಂದು ಎಣಿಸಿ ನೋಡಿ. ಮೂರು ವರ್ಷದಲ್ಲಿ ಹೊಸ ಹೆಸರೇ ಇಲ್ಲದಿದ್ದರೆ ಪ್ರಕಟಣೆ ಏನೇ ಹೇಳಲಿ, ಬಾಗಿಲು ಮುಚ್ಚಿದೆ ಎಂದೇ ಅರ್ಥ.

ಹುಡುಕಿದ್ದನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ: ದಾನಿಯ ಹೆಸರು, ಪ್ರದೇಶ, ಯಾವ ಬಗೆಯ ಸಂಸ್ಥೆಗೆ, ಮಧ್ಯದ ಮೊತ್ತ, ಕೊನೆಯ ದಿನಾಂಕ, ತೀರ್ಮಾನಕ್ಕೆ ಹಿಡಿಯುವ ಕಾಲ, ಕೈಬಿಟ್ಟಿದ್ದರೆ ಕಾರಣ. ಕೊನೆಯ ಅಂಕಣವೇ ಮುಖ್ಯ. ಅದಿಲ್ಲದಿದ್ದರೆ ಮುಂದಿನ ವರ್ಷ ಸಮಿತಿಗೆ ಬಂದ ಹೊಸಬರು ಅದೇ ದಾನಿಯನ್ನು ಮತ್ತೆ ಹುಡುಕಿ ತರುತ್ತಾರೆ. ನಲವತ್ತು ಹೆಸರಿನಿಂದ ಶುರುಮಾಡಿ ಐದಾರಕ್ಕೆ ಇಳಿದರೆ ಹುಡುಕಾಟ ಸರಿಯಾಗಿದೆ. ನಲವತ್ತಕ್ಕೂ ಒಂದೇ ಅರ್ಜಿಯ ಜೆರಾಕ್ಸ್ ಕಳಿಸುವುದಕ್ಕಿಂತ ಐದನ್ನು ನೆಟ್ಟಗೆ ಬರೆಯುವುದೇ ಮೇಲು.

ನೋಂದಣಿಯೇ ಇಲ್ಲದ ಗುಂಪು ಇನ್ನೊಂದು ನೋಂದಾಯಿತ ಸಂಸ್ಥೆಯ ಆಶ್ರಯದಲ್ಲಿ ಅರ್ಜಿ ಹಾಕುವ ಪದ್ಧತಿ ಹಲವೆಡೆ ಇದೆ. ಹಣದ ಹೊಣೆ, ಆಡಿಟ್, ಸೇವಾ ಶುಲ್ಕ ಎಷ್ಟೆಂಬುದು ಕಾಗದದ ಮೇಲೆ ಇರಲೇಬೇಕು. ಭಾರತದಲ್ಲಿ ವಿದೇಶಿ ಹಣಕ್ಕೆ ಈ ದಾರಿ ನಡೆಯದು: 2020ರ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಅದೇ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು 50%ರಿಂದ 20%ಕ್ಕೆ ಇಳಿಸಿತು.

ಬಜೆಟ್ಟು: ಗಂಟೆಗಳಿಂದ ಶುರುಮಾಡಿ

ಅನುಭವಿ ಪರಿಶೀಲಕರು ಮೊದಲು ತೆರೆಯುವುದು ಬಜೆಟ್ ಪುಟವನ್ನೇ. ಯೋಜನೆಯ ವಿವರಣೆಯಲ್ಲಿ ಇರುವ ಕೆಲಸ ಬಜೆಟ್ಟಿನಲ್ಲಿ ಇಲ್ಲದಿದ್ದರೆ, ಅಥವಾ ಬಜೆಟ್ಟಿನಲ್ಲಿ ಇರುವ ಬಾಬ್ತು ವಿವರಣೆಯಲ್ಲಿ ಕಾಣದಿದ್ದರೆ ಅನುಮಾನ ಶುರುವಾಗುತ್ತದೆ.

ಶಾಲೆ ಬಿಟ್ಟ ಮೇಲೆ ನಡೆಸುವ ಓದಿನ ತರಗತಿಯ ಲೆಕ್ಕ ನೋಡಿ. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆ, 40 ವಾರ: 240 ಗಂಟೆ. ಹೆಚ್ಚಿನವರು ಇಷ್ಟಕ್ಕೇ ಸಂಬಳ ಕೇಳಿ ನಿಲ್ಲಿಸುತ್ತಾರೆ. ತಯಾರಿಗೆ, ಓಡಾಟಕ್ಕೆ ಪ್ರತಿ ತರಗತಿಗೆ ಒಂದು ಗಂಟೆಯೆಂದರೆ ಇನ್ನೂ 120. ತರಬೇತಿಗೆ 16, ಮಕ್ಕಳ ಪರೀಕ್ಷೆ ಮತ್ತು ವರದಿಗೆ 24. ಒಟ್ಟು 400 ಗಂಟೆ. 240ಕ್ಕೆ ಮಾತ್ರ ಹಣ ಕೇಳಿದರೆ 160 ಗಂಟೆ, ಅಂದರೆ ಕೆಲಸದ 40%, ಯಾರದೋ ಬಿಟ್ಟಿ ದುಡಿಮೆ. ಆರನೇ ತಿಂಗಳಿಗೆ ಆ ಶಿಕ್ಷಕಿ ಬಿಟ್ಟುಹೋದಾಗ ‘ಜನ ನಿಲ್ಲುವುದಿಲ್ಲ’ ಎಂದು ಗೊಣಗುವುದರಲ್ಲಿ ಅರ್ಥವಿಲ್ಲ.

ಇದೇ 400 ಗಂಟೆಯಿಂದ ಕಚೇರಿ ಖರ್ಚಿನ ಪಾಲನ್ನೂ ತೆಗೆಯಬಹುದು. ಸಂಸ್ಥೆಯಲ್ಲಿ ವರ್ಷಕ್ಕೆ ಒಟ್ಟು 8000 ಗಂಟೆ ಸಂಬಳದ ಕೆಲಸ ನಡೆಯುತ್ತಿದ್ದರೆ ಈ ಯೋಜನೆಯ ಪಾಲು 5%. ಬಾಡಿಗೆ, ಆಡಿಟ್ ಶುಲ್ಕ, ಇಂಟರ್ನೆಟ್ಟಿನಲ್ಲಿ 5% ಕೇಳಿ, ಲೆಕ್ಕ ಹೇಗೆ ಬಂತೆಂದು ಒಂದು ಸಾಲು ಬರೆಯಿರಿ. ‘ಇತರೆ ಖರ್ಚು 10%’ ಎಂದು ಸುಮ್ಮನೆ ಗೀಚಿದ್ದಕ್ಕೆ ಕತ್ತರಿ ಬೀಳುತ್ತದೆ. ಲೆಕ್ಕ ಕೊಟ್ಟ 5%ರ ಮೇಲೆ ಕತ್ತರಿ ಆಡಿಸುವುದು ಅಷ್ಟು ಸುಲಭವಲ್ಲ. ಆದರೆ ದಾನಿಯೇ ಮಿತಿ ಹೇಳಿದ್ದರೆ ಅದನ್ನು ಮೀರಬೇಡಿ.

ಸ್ವಂತ ಪಾಲು ಹಾಕಿ ಎಂದು ಕೇಳುವವರಿದ್ದಾರೆ. ಉಚಿತ ಕೋಣೆ, ಸ್ವಯಂಸೇವಕರ ಸಮಯವನ್ನು ಅದರಲ್ಲಿ ಎಣಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ, ನಗದೇ ಬೇಕು ಎನ್ನುವವರೂ ಉಂಟು. ಇನ್ನೊಂದು ಮಾತು: ಮಂಜೂರಾತಿ ಪತ್ರದ ದಿನಾಂಕಕ್ಕೆ ಮುಂಚೆ ಖರೀದಿಸಿದ್ದಕ್ಕೆ ಸಾಧಾರಣವಾಗಿ ಹಣ ಸಿಗದು. ‘ಹೇಗೂ ಬರುತ್ತದಲ್ಲ’ ಎಂದು ಪ್ರೊಜೆಕ್ಟರ್ ತಂದಿಟ್ಟರೆ ಆ ಬಿಲ್ಲು ಸಂಸ್ಥೆಯ ತಲೆಗೇ.

ಅರ್ಜಿಯ ಒಳಗೆ

‘60 ಮಕ್ಕಳಿಗೆ ತರಗತಿ ನಡೆಸುತ್ತೇವೆ’ ಎಂಬುದು ನೀವು ಮಾಡುವ ಕೆಲಸ. ಅದರಿಂದ ಏನಾಯಿತು ಎಂಬುದು ಬೇರೆ. ‘60 ಮಕ್ಕಳಲ್ಲಿ ಈಗ 18 ಮಂದಿ ಒಂದು ಪ್ಯಾರಾ ತಡೆಯಿಲ್ಲದೆ ಓದುತ್ತಾರೆ, ವರ್ಷದ ಕೊನೆಗೆ 45 ಮಂದಿ ಓದಬೇಕು’ ಎಂದರೆ ದಾನಿಗೆ ಹಿಡಿತ ಸಿಗುತ್ತದೆ. ಆ 18 ಎಂಬ ಅಂಕಿ ಅರ್ಜಿಗೆ ಮೊದಲೇ ಅಳೆದದ್ದಾಗಿರಬೇಕು. 60ಕ್ಕೆ 60 ಎಂದು ಬರೆಯುವ ಚಪಲ ಬೇಡ, ಓದಿದವರು ನಂಬುವುದಿಲ್ಲ. ನಂಬಿದರೆ ಇನ್ನೂ ಕಷ್ಟ, ವರ್ಷದ ಕೊನೆಗೆ ಅದನ್ನು ತೋರಿಸಬೇಕಾಗುತ್ತದೆ.

ಆನ್‌ಲೈನ್ ಅರ್ಜಿಯಲ್ಲಿ ಕನ್ನಡದಲ್ಲಿ ತುಂಬುವವರಿಗೆ ಒಂದು ಎಚ್ಚರಿಕೆ. ‘2000 ಅಕ್ಷರ’ ಎಂಬ ಮಿತಿಯನ್ನು ಯಂತ್ರ ಎಣಿಸುವುದು ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು: ಮೂರು ವ್ಯಂಜನ, ಎರಡು ಹಲಂತ ಚಿಹ್ನೆ (್), ಒಂದು ಸ್ವರ ಚಿಹ್ನೆ. ಹಾಗಾಗಿ ಬೇರೆ ಕಡೆ ಬರೆದು ಅಂಟಿಸಿದ ಉತ್ತರ ನಡುವೆಯೇ ತುಂಡಾಗಿರಬಹುದು. ಸಲ್ಲಿಸುವ ಮೊದಲು ಕೊನೆಯ ವಾಕ್ಯ ಪೂರ್ತಿ ಇದೆಯೇ ನೋಡಿ. ಕೊನೆಯ ದಿನ ಪೋರ್ಟಲ್ ನಿಧಾನವಾಗುವುದು ಮಾಮೂಲು, ಎರಡು ದಿನ ಮೊದಲೇ ಕಳಿಸಿ.

‘ಅನುದಾನ ಮಂಜೂರಾಗಿದೆ, ಮೊದಲು ಸಂಸ್ಕರಣಾ ಶುಲ್ಕ ಕಟ್ಟಿ’ ಎಂಬ ಫೋನು ಬಂದರೆ ಅದು ವಂಚನೆ. ಮುಂದೆ ಮಾತು ಬೇಡ.

ಹಣ ಬಂದ ಮೇಲೆ

ಮೊದಲ ಕಂತು ಬಂದ ದಿನವೇ ಟ್ಯಾಲಿ ತಂತ್ರಾಂಶದಲ್ಲೋ ಲೆಜರಿನಲ್ಲೋ ಆ ಅನುದಾನಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಿರಿ. ಎಲ್ಲವನ್ನೂ ಒಂದೇ ಖಾತೆಯಲ್ಲಿ ಕಲಸಿ ವರ್ಷದ ಕೊನೆಗೆ ಬಳಕೆ ಪ್ರಮಾಣಪತ್ರಕ್ಕಾಗಿ ಬಿಡಿಸಲು ಕೂತರೆ ಆಡಿಟರು ಸಹಿ ಹಾಕುವುದಿಲ್ಲ, ಎರಡನೇ ಕಂತು ಅಲ್ಲೇ ನಿಲ್ಲುತ್ತದೆ. ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಹಣ ಸರಿಸಬೇಕಾದರೆ ಖರ್ಚಿಗೆ ಮುಂಚೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಎಷ್ಟರ ತನಕ ಕೇಳದೆ ಸರಿಸಬಹುದು ಎಂಬುದು ಹಲವು ಒಪ್ಪಂದಗಳಲ್ಲೇ ಬರೆದಿರುತ್ತದೆ, ಆ ಪುಟ ಓದಿಕೊಳ್ಳಿ. ಕೆಲಸ ತಡವಾಗುತ್ತಿದ್ದರೂ ಅಷ್ಟೆ: ಮುಂಚೆ ತಿಳಿಸಿದರೆ ದಾನಿಗಳು ಬಹುತೇಕ ಅವಧಿ ವಿಸ್ತರಿಸುತ್ತಾರೆ, ವರದಿಯಲ್ಲಿ ಮೊದಲ ಸಲ ಗೊತ್ತಾದರೆ ಉಳಿದ ಹಣ ವಾಪಸು ಕೇಳುತ್ತಾರೆ.

ತಿರಸ್ಕಾರ ಬಂದರೆ ಕಾರಣ ಕೇಳಿ ಎರಡು ಸಾಲಿನ ಮೇಲ್ ಹಾಕಿ, ವಾದ ಹೂಡಬೇಡಿ. ಎಲ್ಲರೂ ಉತ್ತರಿಸುವುದಿಲ್ಲ, ಉತ್ತರಿಸಿದವರ ಮಾತನ್ನು ಆ ಎಕ್ಸೆಲ್ ಹಾಳೆಗೆ ಸೇರಿಸಿ. ಮತ್ತೆ ಅರ್ಜಿ ಹಾಕಲು ಇಂತಿಷ್ಟು ತಿಂಗಳು ಕಾಯಬೇಕೆಂಬ ನಿಯಮ ಇದ್ದರೆ ಆ ದಿನಾಂಕವನ್ನೂ ಬರೆಯಿರಿ.