ಎರೆಭೂಮಿಯ ತೊಗರಿಗೆ ನಿಂತ ನೀರೇ ಕಂಟಕ

ಕಲಬುರಗಿ ಭಾಗದಲ್ಲಿ ತೊಗರಿಯ ಇಳುವರಿ ಕುಸಿದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ ಮಳೆ ಎಷ್ಟಾಯಿತು ಎಂಬುದು. ಆದರೆ ಆ ಮಳೆ ಯಾವ ತಿಂಗಳಲ್ಲಿ ಸುರಿಯಿತು, ಹೊಲದಲ್ಲಿ ಎಷ್ಟು ದಿನ ನಿಂತಿತು ಎಂಬುದನ್ನು ವಿಚಾರಿಸದೆ ನಷ್ಟದ ಕಾರಣ ತಿಳಿಯುವುದಿಲ್ಲ. ತೊಗರಿ ಬರ ತಾಳುವ ಬೆಳೆ. ಅದರ ತಾಯಿಬೇರು ಆಳಕ್ಕಿಳಿದು, ಎರೆಮಣ್ಣು ಹಿಡಿದಿಟ್ಟ ತೇವವನ್ನು ಹೀರಿ, ಮುಂಗಾರು ಮುಗಿದ ಮೇಲೂ ಗಿಡವನ್ನು ಹಸಿರಾಗಿಡುತ್ತದೆ. ಅದು ತಾಳಲಾರದ್ದು ಬುಡದಲ್ಲಿ ನಿಂತ ನೀರನ್ನು.

ಜೇಡಿಯ ಅಂಶ ಹೆಚ್ಚಿರುವ ಎರೆಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಉಬ್ಬಿಕೊಂಡು ಗಾಳಿಯಾಡುವ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳಿಗೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸಲು ಬೇಕಾದ ಶಕ್ತಿ ಆಮ್ಲಜನಕವಿಲ್ಲದೆ ದೊರೆಯದು. ಆಗ ಎಲೆಗಳು ಹಳದಿಯಾಗುತ್ತವೆ. ಗೊಬ್ಬರ ಸಾಲಲಿಲ್ಲವೆಂದು ತಿಳಿದ ರೈತರು ಯೂರಿಯಾ ಚೆಲ್ಲುತ್ತಾರೆ. ಚೆಲ್ಲುವ ಮುನ್ನ ಒಂದು ಗಿಡವನ್ನು ಮಣ್ಣುಸಮೇತ ಸಲಿಕೆಯಿಂದ ಎತ್ತಿ, ಬೇರು ತೊಳೆದು, ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ ಎಂದು ನಾನು ಒತ್ತಾಯಿಸುತ್ತೇನೆ. ಒಳಗೆ ನಸುಗೆಂಪು ಬಣ್ಣವಿದ್ದರೆ ಸಾರಜನಕದ ಕೆಲಸ ನಡೆದಿದೆ. ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ನಿಂತಿದೆ. ಅಂಥ ಹೊಲಕ್ಕೆ ಮೊದಲು ಬೇಕಾದದ್ದು ಬಸಿಗಾಲುವೆ.

ನೆಟೆ ರೋಗದ ಲೆಕ್ಕ ಬೇರೆ. ಬಾಡಿದ ಗಿಡದ ಕಾಂಡದ ಸಿಪ್ಪೆ ಸುಲಿದಾಗ ಕಪ್ಪು ಗೆರೆಗಳು ಕಂಡರೆ ಅದು ಶಿಲೀಂಧ್ರದ ಕೆಲಸ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಅದೇ ಹೊಲಕ್ಕೆ ಪ್ರತಿವರ್ಷ ತೊಗರಿಯನ್ನೇ ಹಾಕುವುದು ತಪ್ಪಬೇಕು, ಜೋಳದ ಸರದಿ ಮರಳಬೇಕು.

ಅಕ್ಟೋಬರ್-ನವೆಂಬರ್ ಹೂವಿನ ಕಾಲ. ಆಗ ದಿನಗಟ್ಟಲೆ ಮೋಡ ಮುಸುಕಿದರೆ ಹೂ ಉದುರುತ್ತದೆ, ಕಾಯಿಕೊರಕದ ಹಾವಳಿಯೂ ಏರುತ್ತದೆ. ಮಣ್ಣಿನ ಆಳ ಲೆಕ್ಕಕ್ಕೆ ಬರುವುದೂ ಇಲ್ಲಿಂದ ಮುಂದೆಯೇ: ಆಳವಾದ ಎರೆಯಲ್ಲಿ ಕಾಯಿ ಬಲಿಯುವವರೆಗೂ ತೇವವಿರುತ್ತದೆ, ತೆಳುವಾದ ಮಣ್ಣಿನಲ್ಲಿ ಅದು ಮೊದಲೇ ಮುಗಿದು ಕಾಳು ಜೊಳ್ಳಾಗುತ್ತದೆ. ಎರಡಕ್ಕೂ ಒಂದೇ ತಳಿಯನ್ನು ಶಿಫಾರಸು ಮಾಡುವುದನ್ನು ನಾನು ಒಪ್ಪುವುದಿಲ್ಲ. ತೆಳು ಮಣ್ಣಿಗೆ ಬೇಗ ಕೊಯ್ಲಿಗೆ ಬರುವ ತಳಿಯೇ ಸರಿ. ಆಳವಾದ ಎರೆಯಲ್ಲಾದರೆ ಬಿತ್ತುವಾಗಲೇ ಏರುಮಡಿ ಮಾಡಿ, ನಡುವಿನ ಸಾಲುಗಳಿಗೆ ಅಲ್ಪ ಇಳಿಜಾರು ಕೊಟ್ಟರೆ ಹೆಚ್ಚಾದ ನೀರು ಹೊರಗೆ ಹರಿಯುತ್ತದೆ, ಬೇಕಾದಷ್ಟು ಮಣ್ಣಿನಲ್ಲಿ ಉಳಿಯುತ್ತದೆ.