ಇಲಿಜ್ವರ: ಹೆಸರಲ್ಲಿ ಇಲಿ, ರೋಗ ಇರೋದು ನೀರಲ್ಲಿ

"ನನಗೆ ಇಲಿ ಕಚ್ಚೇ ಇಲ್ಲ, ಮತ್ತೆ ಇಲಿಜ್ವರ ಹೇಗೆ ಬಂತು?" ಅಂತ ನಮ್ಮ ಚಿಕ್ಕಪ್ಪ ಡಾಕ್ಟರನ್ನೇ ಕೇಳಿದ್ದರು. ನಾಟಿ ಮುಗಿದು ಹತ್ತು ದಿನ ಆಗಿತ್ತು. ಚಳಿ ಜ್ವರ, ತಲೆನೋವು, ಕಾಲಿನ ಮೀನಖಂಡ ಮುಟ್ಟಿದರೆ ಜೀವ ಹೋಗುವಷ್ಟು ನೋವು. ಗದ್ದೆಯಲ್ಲಿ ಬಗ್ಗಿ ಬಗ್ಗಿ ಆದದ್ದು ಅಂತ ಮೂರು ದಿನ ನೋವಿನ ಮಾತ್ರೆ ನುಂಗಿ ಮಲಗಿದ್ದರು.

ಚಿಕ್ಕಪ್ಪನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ದಾರಿ ತಪ್ಪಿಸುವುದು ಆ ಹೆಸರೇ. ಇಲಿ ಕಚ್ಚಿ ಬರುವ ಜ್ವರವೂ ಒಂದಿದೆ, ಆದರೆ ಅದು ಬೇರೆ. ಇದು ಲೆಪ್ಟೋಸ್ಪೈರೋಸಿಸ್. ಲೆಪ್ಟೋಸ್ಪೈರಾ ಅನ್ನೋ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡಿರುತ್ತದೆ. ಇಲಿಗೆ ಅದರಿಂದ ಏನೂ ಆಗುವುದಿಲ್ಲ. ಅದು ಓಡಾಡಿದಲ್ಲೆಲ್ಲ ಮೂತ್ರದ ಜೊತೆ ತಿಂಗಳುಗಟ್ಟಲೆ ಬ್ಯಾಕ್ಟೀರಿಯಾ ಹೊರಗೆ ಬರುತ್ತಿರುತ್ತದೆ. ಹಸು, ಎಮ್ಮೆ, ಹಂದಿ, ನಾಯಿಯ ಮೂತ್ರದಲ್ಲೂ ಇರಬಹುದು. ಪಾಪ, ಹೆಸರು ಕೆಟ್ಟದ್ದು ಮಾತ್ರ ಇಲಿಯದ್ದು. ಒಣ ನೆಲದಲ್ಲಿ ಈ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಒದ್ದೆ ಮಣ್ಣು, ನಿಂತ ನೀರು ಸಿಕ್ಕಿದರೆ ವಾರಗಟ್ಟಲೆ ಬದುಕುತ್ತದೆ. ಆ ನೀರಿಗೆ ನಾವು ಇಳಿದಾಗ ಗಾಯ, ಗೀರು, ನೆನೆದು ಮೆತ್ತಗಾದ ಚರ್ಮ, ಕಣ್ಣು, ಬಾಯಿ, ಯಾವ ದಾರಿಯಿಂದಾದರೂ ಒಳಗೆ ಸೇರಬಹುದು.

ಬೇರೆ ದೇಶದವರು ಇದಕ್ಕೆ ಇಟ್ಟ ಹಳೇ ಹೆಸರುಗಳು ನಮ್ಮದಕ್ಕಿಂತ ವಾಸಿ ಅನ್ನಿಸುತ್ತದೆ. ಜರ್ಮನ್ನರಿಗೆ ಇದು 'ಕೆಸರು ಜ್ವರ', ಚೀನಾದಲ್ಲಿ 'ಭತ್ತದ ಕೊಯ್ಲಿನ ಕಾಮಾಲೆ'. ಹೆಸರಲ್ಲೇ ಗದ್ದೆ ಇದೆ ನೋಡಿ. ಇದರ ಜೋರಾದ ರೂಪವನ್ನು 1886ರಲ್ಲಿ ವಿವರಿಸಿದವರು ಜರ್ಮನಿಯ ವೈದ್ಯ ಅಡಾಲ್ಫ್ ವೈಲ್. ಹಾಗಾಗಿ ಅದನ್ನು ಈಗಲೂ ವೈಲ್ಸ್ ಕಾಯಿಲೆ ಅನ್ನುತ್ತಾರೆ. ಕಾರಣ ಈ ಬ್ಯಾಕ್ಟೀರಿಯಾ ಅಂತ 1915ರ ಸುಮಾರಿಗೆ ತೋರಿಸಿಕೊಟ್ಟವರು ಜಪಾನಿನ ಇನಾಡ ಮತ್ತು ಇಡೊ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೆಳ್ಳಗಿನ ಸುರುಳಿ, ತುದಿಯಲ್ಲಿ ಕೊಕ್ಕೆ, ಥೇಟ್ ಪ್ರಶ್ನಾರ್ಥಕ ಚಿಹ್ನೆ. ಅದರ ಒಂದು ಜಾತಿಗೆ 'ಇಂಟರೋಗಾನ್ಸ್' ಅಂತ ಹೆಸರು ಬಂದದ್ದೂ ಇದರಿಂದಲೇ.

ಕೊಡಗಿನ ಮಳೆಗಾಲಕ್ಕೂ ಈ ಜ್ವರಕ್ಕೂ ನಂಟು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಎಲ್ಲರ ಕಾಲೂ ಗದ್ದೆಯಲ್ಲಿ. ಬದುವಿನ ಬಿಲಕ್ಕೆ ಬರಿಗೈ ಹಾಕಿ ಏಡಿ ಹಿಡಿಯುತ್ತೇವೆ. ನಾಟಿ ಮುಗಿದ ಖುಷಿಗೆ ಕೆಸರುಗದ್ದೆಯಲ್ಲಿ ಓಡಿ, ಬಿದ್ದು, ಮುಖಕ್ಕೆಲ್ಲ ಕೆಸರು ಹಚ್ಚಿಕೊಳ್ಳುತ್ತೇವೆ. ತೋಟದಲ್ಲಿ ಜಿಗಣೆ ಕಚ್ಚಿದ ಜಾಗ ಕೆರೆದು ಕೆರೆದು ಹುಣ್ಣಾಗಿರುತ್ತದೆ, ಅದೇ ಕಾಲಲ್ಲಿ ಕೊಟ್ಟಿಗೆ ಗಂಜಲ ತುಳಿಯುತ್ತೇವೆ. ಇನ್ನು ಹೊಳೆ ಉಕ್ಕಿ ತೋಟದ ಕಾರ್ಮಿಕರ ಲೈನ್‌ಮನೆಗಳಿಗೆ ನೀರು ನುಗ್ಗಿದರಂತೂ ಬಿಲದ ಇಲಿಗಳೂ ಮನುಷ್ಯರೂ ಒಂದೇ ನೀರಲ್ಲಿ. 2018ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಗುಡ್ಡಗಳು ಕುಸಿದಾಗಲೇ ಪಕ್ಕದ ಕೇರಳ ಮುಳುಗಿತ್ತು. ಅಲ್ಲಿ ನೀರು ಇಳಿದ ಬೆನ್ನಿಗೇ 'ಎಲಿಪ್ಪನಿ' ಹರಡಿತು. ಅವರ ಹೆಸರಿನಲ್ಲೂ ಇಲಿಯೇ!

ನೀರಿಗೆ ಇಳಿದ ಮರುದಿನವೇ ಜ್ವರ ಬಂದಿದ್ದರೆ ಎಲ್ಲರಿಗೂ ಹೊಳೆಯುತ್ತಿತ್ತು. ಸಾಮಾನ್ಯವಾಗಿ 5ರಿಂದ 14 ದಿನ, ಕೆಲವರಿಗೆ ತಿಂಗಳವರೆಗೂ ಬೇಕು. ಅಷ್ಟರಲ್ಲಿ ಗದ್ದೆಯ ಮಾತೇ ಮರೆತಿರುತ್ತದೆ. ಶುರುವಾಗುವುದು ಫ್ಲೂ, ಡೆಂಗಿಯ ಹಾಗೆಯೇ. ಆದರೆ ಮೀನಖಂಡದ ನೋವು, ಪಿಸುರು ಇಲ್ಲದೆ ಕೆಂಪಾದ ಕಣ್ಣು, ಇವೆರಡು ಇದ್ದರೆ ಅನುಮಾನ ಪಡಬೇಕು. ಬಹಳಷ್ಟು ಜನರಿಗೆ ಸಣ್ಣದರಲ್ಲೇ ಹೋಗುತ್ತದೆ. ಕೆಲವರಿಗೆ ಮಾತ್ರ ಕಣ್ಣು ಹಳದಿಯಾಗಿ, ಮೂತ್ರ ಕಮ್ಮಿಯಾಗಿ, ಕಿಡ್ನಿ ಕೈಕೊಡುತ್ತದೆ. ಶ್ವಾಸಕೋಶದಲ್ಲಿ ರಕ್ತ ಸುರಿಯುವುದೂ ಉಂಟು. ಅದು ಪ್ರಾಣಕ್ಕೇ ಅಪಾಯ.

ನನಗೆ ಜಾಸ್ತಿ ಭಯ ಇರುವುದು ಎರಡು ಅಭ್ಯಾಸಗಳ ಬಗ್ಗೆ. ಒಂದು, ಚಿಕ್ಕಪ್ಪ ಮಾಡಿದ್ದು. ಮೊದಲೇ ಕಿಡ್ನಿಗೆ ಪೆಟ್ಟು ಕೊಡುವ ರೋಗ, ಅದರ ಮೇಲೆ ನೋವಿನ ಮಾತ್ರೆಯ ಭಾರ. ಇನ್ನೊಂದು, ಕಣ್ಣು ಹಳದಿ ಕಂಡ ಕೂಡಲೇ 'ಕಾಮಾಲೆ' ಅಂದುಕೊಂಡು ಸೊಪ್ಪಿನ ಮದ್ದಿಗೆ ಹೋಗುವುದು. ಮದ್ದು ಕೊಡುವವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಪಥ್ಯ ಮಾಡಿಕೊಂಡು ಕಾಯುವ ಆ ನಾಲ್ಕು ದಿನ ಇದೆಯಲ್ಲ, ಅದೇ ಚಿಕಿತ್ಸೆಯ ಸಮಯ. ಡಾಕ್ಸಿಸೈಕ್ಲಿನ್, ಪೆನ್ಸಿಲಿನ್‌ನಂಥ ಹಳೇ ಆಂಟಿಬಯಾಟಿಕ್‌ಗಳೇ ಸಾಕು, ಬೇಗ ಶುರು ಮಾಡಬೇಕು ಅಷ್ಟೆ. ರಕ್ತ ಪರೀಕ್ಷೆಯನ್ನು ನಂಬಿ ಕೂರುವಂತೆಯೂ ಇಲ್ಲ. ಸಾಮಾನ್ಯವಾಗಿ ಅದು ಹುಡುಕುವುದು ರೋಗದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು (ಆಂಟಿಬಾಡಿ). ಅದು ತಯಾರಾಗಲು ಕೆಲವು ದಿನ ಬೇಕು, ಹಾಗಾಗಿ ಮೊದಮೊದಲು ರಿಪೋರ್ಟ್ ನೆಗೆಟಿವ್ ಬರಬಹುದು. ಆಗ ಡಾಕ್ಟರು ಲಕ್ಷಣ ನೋಡಿಯೇ ಔಷಧಿ ಶುರು ಮಾಡುತ್ತಾರೆ.

ತಡೆಯುವುದಕ್ಕೆ ಗಂಬೂಟು ಹಾಕಿ ಅನ್ನುತ್ತಾರೆ. ತೋಟಕ್ಕೆ ಸರಿ. ನಾಟಿ ಗದ್ದೆಯಲ್ಲಿ ಗಂಬೂಟು ಕೆಸರಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ, ಅಲ್ವಾ? ಅಲ್ಲಿ ಆಗುವುದು ಇಷ್ಟು: ಗಾಯಕ್ಕೆ ನೀರು ತಾಗದ ಪಟ್ಟಿ ಹಾಕುವುದು, ಮೇಲೆ ಬಂದ ತಕ್ಷಣ ಸೋಪು ಹಾಕಿ ಕೈಕಾಲು ತೊಳೆಯುವುದು, ಹೊಳೆ ತೋಡಿನ ನೀರನ್ನು ಕುದಿಸದೆ ಕುಡಿಯದಿರುವುದು. ನೆರೆ ಬಂದ ಕಡೆ ಮುಂಚಿತವಾಗಿ ಮಾತ್ರೆ ಕೊಡುವುದೂ ಇದೆ, ಅದನ್ನು ಡಾಕ್ಟರು ಹೇಳಿದರೆ ಮಾತ್ರ ತಗೊಳ್ಳಿ.

ಚಿಕ್ಕಪ್ಪ ಈಗ ಆರಾಮಾಗಿದ್ದಾರೆ. ಈ ಸಲ ಆಗಸ್ಟ್‌ನಲ್ಲಿ ಸುಮ್ನೆ ಒಂದು ನೆಗಡಿ ಜ್ವರ ಬಂದಿತ್ತು. ಚೀಟಿ ಮಾಡಿಸಿ ಒಳಗೆ ಹೋದವರು ಕೂರುವ ಮೊದಲೇ ಹೇಳಿದರಂತೆ: "ಡಾಕ್ಟ್ರೇ, ಹೋದ ವಾರ ಗದ್ದೆಗೆ ಇಳಿದಿದ್ದೆ."