ಹಿಮದ ಹಾದಿಯಲ್ಲಿ ಸೆಕೆಯ ಚಿಂತೆ

ಮನೆಯ ಫ್ರಿಜ್ಜಿನಲ್ಲಿ ಐಸ್ ಕಟ್ಟುವ ಖಾನೆ ಇದೆಯಲ್ಲ, ಅದರೊಳಗೆ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಲಾಸ್ಕಾದಲ್ಲಿ ಹಿಮದ ಮೇಲೆ ಬಂಡಿ ಎಳೆದು ಓಡುವ ಪಂದ್ಯದ ನಾಯಿಗಳಿಗೆ ಇದು ಹಿತವಾದ ಹವೆ. ಇನ್ನೂ ಸ್ವಲ್ಪ ತಣ್ಣಗಿದ್ದರೂ ಸಂತೋಷವೇ. ಸೊನ್ನೆ ಡಿಗ್ರಿಗೆ ಬಂದಿತೋ, ಅವಕ್ಕೆ ಸೆಕೆ ಶುರುವಾಗುತ್ತದೆ. ನಾಲಿಗೆ ಚಾಚಿ ತೇಕುತ್ತವೆ. ಓಡುತ್ತಲೇ ಹಾದಿ ಬದಿಯ ಹಿಮಕ್ಕೆ ಬಾಯಿ ಹಾಕುತ್ತವೆ. ವೇಗ ತಗ್ಗುತ್ತದೆ.

ಇಂಥ ಓಟ ಅಂದರೆ ಚಳಿಯ ಜೊತೆ ಗುದ್ದಾಟ ಎಂದೇ ನಮಗೆ ಅನ್ನಿಸುತ್ತದೆ, ಅಲ್ವಾ? ಬಂಡಿಯ ಹಿಂದೆ ನಿಂತ ಮನುಷ್ಯನಿಗೆ ಅದು ಹೌದು. ಮುಂದೆ ಓಡುವ ನಾಯಿಯ ಚಿಂತೆ ಬೇರೆ. ಮೈಯಲ್ಲಿ ಹುಟ್ಟಿದ ಶಾಖವನ್ನು ಎಲ್ಲಿ ಬಿಡಬೇಕು, ಎಲ್ಲಿ ಉಳಿಸಿಕೊಳ್ಳಬೇಕು ಎಂಬುದೇ ಅದರ ದೊಡ್ಡ ಲೆಕ್ಕ.

ಈ ಓಟಗಳಲ್ಲಿ ಹೆಚ್ಚು ಹೆಸರಾದದ್ದು ಇಡಿಟರಾಡ್. ಪ್ರತಿ ವರ್ಷ ಮಾರ್ಚ್ ಮೊದಲ ಶನಿವಾರ ಆಂಕರೇಜ್ ಪೇಟೆಯಲ್ಲಿ ಮೆರವಣಿಗೆಯಂತೆ ಶುರುವಾಗಿ, ಬೇರಿಂಗ್ ಸಮುದ್ರದ ದಂಡೆಯ ನೋಮ್ ಊರಿನಲ್ಲಿ ಮುಗಿಯುತ್ತದೆ. ದೂರ ಸುಮಾರು 1,600 ಕಿಲೋಮೀಟರ್. ನಡುವೆ ಅಲಾಸ್ಕಾ ಪರ್ವತಸಾಲು, ಹೆಪ್ಪುಗಟ್ಟಿದ ಯೂಕಾನ್ ನದಿ, ಕೊನೆಗೆ ಸಮುದ್ರದ ಮಂಜುಗಡ್ಡೆ. ಹಿಂದೆ ಚಿನ್ನದ ಗಣಿಗಳಿಗೆ ಟಪಾಲು ಹೋಗುತ್ತಿದ್ದ ದಾರಿ ಇದು. 1960ರ ದಶಕದಲ್ಲಿ ಹಿಮದ ಮೇಲೆ ಓಡುವ ಮೋಟಾರು ಗಾಡಿಗಳು ಬಂದವು. ಹಳ್ಳಿಗಳಿಂದ ನಾಯಿ ತಂಡಗಳು ಕಾಣೆಯಾಗತೊಡಗಿದವು. ಆ ನಾಯಿಗಳನ್ನೂ ದಾರಿಯನ್ನೂ ಉಳಿಸಬೇಕೆಂದು ಜೋ ರೆಡಿಂಗ್ಟನ್ ಎಂಬವರು ಹಟ ಹಿಡಿದರು. ನೋಮ್‌ವರೆಗಿನ ಮೊದಲ ಓಟ 1973ರಲ್ಲಿ ನಡೆಯಿತು. ಗೆದ್ದ ಡಿಕ್ ವಿಲ್ಮಾರ್ಥ್ ತಲುಪಲು 20 ದಿನ ಬೇಕಾಯಿತು. 2017ರಲ್ಲಿ ಮಿಚ್ ಸೀವಿ 8 ದಿನ 3 ಗಂಟೆಯಲ್ಲಿ ಮುಟ್ಟಿದರು.

ಬಂಡಿ ಓಡಿಸುವವರನ್ನು ಮಷರ್ ಎನ್ನುತ್ತಾರೆ. ಹನ್ನೆರಡರಿಂದ ಹದಿನಾರು ನಾಯಿಗಳು ಜೋಡಿ ಜೋಡಿಯಾಗಿ ಒಂದೇ ಉದ್ದ ಹಗ್ಗಕ್ಕೆ ಕಟ್ಟಿಕೊಂಡು ಸ್ಲೆಡ್, ಅಂದರೆ ಚಕ್ರವಿಲ್ಲದ ಜಾರುಬಂಡಿ, ಎಳೆಯುತ್ತವೆ. ಎತ್ತಿಗಿರುವ ಮೂಗುದಾರ ಇಲ್ಲ, ಕುದುರೆಗಿರುವ ಲಗಾಮು ಇಲ್ಲ. 'ಜೀ' ಅಂದರೆ ಬಲಕ್ಕೆ, 'ಹಾ' ಅಂದರೆ ಎಡಕ್ಕೆ. ಮುಂದಿನ ಜೋಡಿ ಮಾತು ಕೇಳಿ ತಿರುಗುತ್ತದೆ, ಉಳಿದವು ಹಿಂಬಾಲಿಸುತ್ತವೆ.

ನಾಯಿ ಅಂದಾಗ ನೀಲಿ ಕಣ್ಣಿನ, ದಟ್ಟ ಕೂದಲಿನ, ಕ್ಯಾಲೆಂಡರ್ ಹಸ್ಕಿಯನ್ನು ನೆನೆಸಿಕೊಳ್ಳಬೇಡಿ. ಇಲ್ಲಿ ಓಡುವುದು ಹೆಚ್ಚಾಗಿ ಅಲಾಸ್ಕನ್ ಹಸ್ಕಿ. ಅದು ಪ್ರದರ್ಶನಕ್ಕಿಡುವ ಶುದ್ಧ ತಳಿಯಲ್ಲ. ಓಟ, ಹಸಿವು, ಗಟ್ಟಿ ಪಾದ, ಎಳೆಯುವ ಆಸೆ ಇವನ್ನು ನೋಡಿ ಜನ ತಲೆಮಾರುಗಳಿಂದ ಬೆರೆಸಿ ಬೆಳೆಸಿದ ನಾಯಿ. ತೂಕ 20ರಿಂದ 25 ಕೆ.ಜಿ., ತೆಳ್ಳನೆಯ ಮೈ. ಮೊದಲ ಸಲ ನೋಡಿದವರಿಗೆ 'ಇದೇನಾ!' ಅನ್ನಿಸಬಹುದು.

ಇಷ್ಟು ಚಿಕ್ಕ ನಾಯಿ ಯಾಕೆ? ಇಲ್ಲಿಯೂ ಶಾಖದ ಲೆಕ್ಕವೇ ಇದೆ. ಓಡುವಾಗ ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಓಟಕ್ಕೆ ಸಲ್ಲುತ್ತದೆ. ಉಳಿದದ್ದೆಲ್ಲ ಶಾಖ. ಮೈ ದೊಡ್ಡದಾದಷ್ಟೂ ಶಾಖ ಹುಟ್ಟುವ ಮಾಂಸ ವೇಗವಾಗಿ ಹೆಚ್ಚುತ್ತದೆ, ಅದನ್ನು ಹೊರಬಿಡುವ ಚರ್ಮ ಅಷ್ಟು ಹೆಚ್ಚುವುದಿಲ್ಲ. ಬಿಸಿ ಮುದ್ದೆಯನ್ನು ಇಡಿಯಾಗಿಟ್ಟರೆ ಆರಲು ಹೊತ್ತು ಬೇಕು, ಚೂರು ಮಾಡಿದರೆ ಬೇಗ ಆರುತ್ತದೆ. ಲೆಕ್ಕ ಅದೇ. 40 ಕೆ.ಜಿ.ಯ ಮಾಲಮ್ಯೂಟ್ ನಾಯಿ ಭಾರ ಎಳೆಯುವುದರಲ್ಲಿ ಗಟ್ಟಿಗ. ದಿನಗಟ್ಟಲೆ ಓಡಿಸಿದರೆ ಮಾತ್ರ ಅದು ಒಳಗೇ ಬೇಯುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದೂ ಇಲ್ಲ. ತೇಕುವುದೊಂದೇ ಮುಖ್ಯ ದಾರಿ. ಹಾಗಾಗಿಯೇ ಬಿಸಿಲೇರಿದಾಗ ನಾಯಿಗಳನ್ನು ಮಲಗಿಸಿ, ರಾತ್ರಿ ಓಡಿಸುವ ಮಷರ್‌ಗಳೇ ಜಾಸ್ತಿ.

ಓಟ ನಿಂತ ಕೂಡಲೇ ಲೆಕ್ಕ ತಲೆಕೆಳಗಾಗುತ್ತದೆ. ಈಗ ಶಾಖ ಉಳಿಯಬೇಕು. ನಾಯಿಗೆ ಎರಡು ಪದರದ ಕೂದಲಿದೆ. ಒಳಗಿನ ಮೆತ್ತನೆಯ ಪದರ ಗಾಳಿಯನ್ನು ಹಿಡಿದಿಡುತ್ತದೆ, ಹೊರಗಿನ ಒರಟು ಕೂದಲು ಹಿಮವನ್ನು ತಡೆಯುತ್ತದೆ. ಮಷರ್ ಹುಲ್ಲು ಹಾಸುತ್ತಾನೆ. ನಾಯಿ ಎರಡು ಸುತ್ತು ತಿರುಗಿ, ಚಕ್ಕುಲಿಯಂತೆ ಸುತ್ತಿಕೊಂಡು, ಮೂಗಿನ ಮೇಲೆ ಬಾಲ ಮುಚ್ಚಿ ಮಲಗುತ್ತದೆ. ಹಿಮ ಸುರಿದರೆ ಅದೇ ಹೊದಿಕೆ.

ಕೂದಲಿಲ್ಲದ ಪಾದದ ಕತೆ ಏನು? ಅದಕ್ಕೆ ಉತ್ತರ ಕೊಟ್ಟವರು ಜಪಾನಿನ ಸಂಶೋಧಕರು, 2011ರಲ್ಲಿ. ನಾಯಿಯ ಪಾದದಲ್ಲಿ ಬಿಸಿ ರಕ್ತ ತರುವ ನಾಳದ ಸುತ್ತ, ತಣ್ಣನೆಯ ರಕ್ತ ಹಿಂದಕ್ಕೊಯ್ಯುವ ಸಣ್ಣ ನಾಳಗಳು ಬಲೆಯಂತೆ ಹೆಣೆದುಕೊಂಡಿವೆ. ಬರುವ ರಕ್ತ ತನ್ನ ಬಿಸಿಯನ್ನು ಹೋಗುವ ರಕ್ತಕ್ಕೆ ದಾಟಿಸುತ್ತದೆ. ತಣ್ಣನೆಯ ರಕ್ತ ಹಾಗೇ ಎದೆಗೆ ಹೋಗುವುದು ತಪ್ಪುತ್ತದೆ, ಪಾದ ಸೆಟೆದುಕೊಳ್ಳುವುದೂ ತಪ್ಪುತ್ತದೆ. ಪೆಂಗ್ವಿನ್ ಕಾಲಿನಲ್ಲೂ ಇಂಥದ್ದೇ ಏರ್ಪಾಡು ಇದೆ.

ಆದರೂ ಓಟದ ನಾಯಿಗಳಿಗೆ ಬಟ್ಟೆಯ ಕಾಲುಚೀಲ ಹಾಕುತ್ತಾರೆ. ಅದು ಬೆಚ್ಚಗಿರಲಿ ಎಂದು ಹಾಕುವುದಲ್ಲ. ಹರಳು ಹರಳಾದ ಹಿಮ ಪಾದವನ್ನು ಉಜ್ಜಿ ಗಾಯ ಮಾಡುತ್ತದೆ, ಬೆರಳ ಸಂದಿಯಲ್ಲಿ ಮಂಜಿನ ಉಂಡೆ ಕಟ್ಟುತ್ತದೆ. ಹದಿನಾಲ್ಕು ನಾಯಿಯ ತಂಡಕ್ಕೆ ಒಮ್ಮೆಗೆ 56 ಚೀಲ ಬೇಕು. ಅವು ಬೇಗ ಹರಿಯುವುದರಿಂದ ಪದೇ ಪದೇ ಬದಲಿಸಬೇಕು. ದಪ್ಪ ಕೈಗವಸು ತೊಟ್ಟು ಈ ಕೆಲಸ ಆಗುವುದಿಲ್ಲ. ಮೈನಸ್ 40ರಲ್ಲಿ ಬರಿಗೈಯಲ್ಲಿ ಒಂದೊಂದೇ ಪಾದ ಹಿಡಿದು ಪಟ್ಟಿ ಅಂಟಿಸುವುದನ್ನು ಊಹಿಸಿಕೊಳ್ಳಿ. ದೇಹ ಒಡಲನ್ನು ಕಾಪಾಡಲು ಬೆರಳಿನ ರಕ್ತನಾಳಗಳನ್ನು ಬಿಗಿ ಮಾಡಿಬಿಡುತ್ತದೆ. ಮೊದಲು ಉರಿ, ಆಮೇಲೆ ಜೋಮು, ಆಮೇಲೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗದಿರುವುದೇ ಅಪಾಯ.

ಅಷ್ಟು ಚಳಿಯಲ್ಲಿ ಹಿಮದ ಗುಣವೂ ಬದಲಾಗುತ್ತದೆ. ಹಿಮದ ಮೇಲೆ ಏನಾದರೂ ಸಲೀಸಾಗಿ ಜಾರಬೇಕಾದರೆ ನಡುವೆ ತೀರಾ ತೆಳುವಾದ ನೀರಿನಂಥ ಪದರ ಇರಬೇಕು. ಮೈನಸ್ 40ರ ಹತ್ತಿರ ಆ ಪದರ ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ಸ್ಲೆಡ್ಡು ಮರಳಿನ ಮೇಲೆ ಎಳೆದ ಹಾಗೆ ಭಾರವಾಗುತ್ತದೆ.

ಈ ಎಲ್ಲ ಕೆಲಸಕ್ಕೆ ಉರುವಲು ಬೇಕಲ್ಲ? ನನ್ನನ್ನು ತುಂಬಾ ಬೆರಗುಗೊಳಿಸುವ ವಿಷಯ ಇದು. 1990ರ ದಶಕದಲ್ಲಿ ವಿಜ್ಞಾನಿಗಳು, ಮೈಯಲ್ಲಿ ಪತ್ತೆಹಚ್ಚಲು ಆಗುವಂತೆ ಭಾರದ ಪರಮಾಣುಗಳಿಂದ ಗುರುತು ಹಾಕಿದ ನೀರು ಕೊಟ್ಟು, 490 ಕಿಲೋಮೀಟರ್ ಓಟದ ನಾಯಿಗಳು ಎಷ್ಟು ಶಕ್ತಿ ಖರ್ಚು ಮಾಡುತ್ತವೆ ಎಂದು ಅಳೆದರು. ದಿನಕ್ಕೆ ಸುಮಾರು 11,000 ಕಿಲೋಕ್ಯಾಲೊರಿ! ಇದು 25 ಕೆ.ಜಿ. ತೂಗುವ ಜೀವಿಯ ಲೆಕ್ಕ. ಇಷ್ಟು ಶಕ್ತಿಯನ್ನು ರಾಗಿ ಹಿಟ್ಟಿನಿಂದ ಪಡೆಯಬೇಕೆಂದರೆ ದಿನಕ್ಕೆ 3 ಕೆ.ಜಿ.ಗೂ ಜಾಸ್ತಿ ಹಿಟ್ಟು ಬೇಕು. ಯಾವ ನಾಯಿಯ ಹೊಟ್ಟೆಯೂ ಅಷ್ಟನ್ನು ಹಿಡಿಯದು. ಅದಕ್ಕೇ ಕೊಬ್ಬು. ಒಂದು ಗ್ರಾಂ ಪಿಷ್ಟದಲ್ಲಿ 4 ಕಿಲೋಕ್ಯಾಲೊರಿ ಇದ್ದರೆ, ಒಂದು ಗ್ರಾಂ ಕೊಬ್ಬಿನಲ್ಲಿ 9 ಇರುತ್ತದೆ. ಮಾಂಸ, ಕೊಬ್ಬಿನ ತುಂಡು, ಸಾಲ್ಮನ್ ಮೀನು ಹೀಗೆ ಊಟ ಸಾಗುತ್ತದೆ.

ಇನ್ನೊಂದು ಅಚ್ಚರಿ ಇದೆ. ಮ್ಯಾರಥಾನ್ ಓಡುವವರಿಗೆ 30 ಕಿಲೋಮೀಟರ್ ಆಸುಪಾಸಿನಲ್ಲಿ ಕಾಲು ಇದ್ದಕ್ಕಿದ್ದಂತೆ ಸೋಲುವುದುಂಟು. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾಗುವುದು ಇದಕ್ಕೆ ದೊಡ್ಡ ಕಾರಣ. ದಿನಕ್ಕೆ 160 ಕಿಲೋಮೀಟರ್‌ನಂತೆ ಓಡಿಸಿದ ನಾಯಿಗಳ ಸ್ನಾಯುವನ್ನು ಪರೀಕ್ಷಿಸಿದಾಗ ಕಂಡದ್ದೇ ಬೇರೆ. ಮೊದಲ ದಿನ ಈ ದಾಸ್ತಾನು ಇಳಿಯುತ್ತದೆ. ಆಮೇಲೆ, ಓಟ ನಿಲ್ಲದಿದ್ದರೂ, ಮತ್ತೆ ತುಂಬಿಕೊಳ್ಳತೊಡಗುತ್ತದೆ. ಒಕ್ಲಹಾಮಾ ಸ್ಟೇಟ್ ವಿಶ್ವವಿದ್ಯಾಲಯದ ಮೈಕಲ್ ಡೇವಿಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ಇದರ ಬೆನ್ನು ಹತ್ತಿದ್ದಾರೆ.

ಅನ್ನಕ್ಕಿಂತ ಕಷ್ಟದ್ದು ನೀರು. ಸುತ್ತ ನೋಡಿದಲ್ಲೆಲ್ಲ ನೀರೇ, ಆದರೆ ಗಟ್ಟಿಯಾಗಿದೆ. ಒಣ ಗಾಳಿಯಲ್ಲಿ ತೇಕುತ್ತಾ ನಾಯಿ ಪ್ರತಿ ಉಸಿರಿಗೂ ಮೈಯ ನೀರನ್ನು ಕಳೆದುಕೊಳ್ಳುತ್ತದೆ. ಬರೀ ಹಿಮ ತಿಂದರೆ ಅದನ್ನು ಕರಗಿಸಲು ಮತ್ತೆ ಮೈಯ ಶಾಖವೇ ಖರ್ಚು. ಹಾಗಾಗಿ ಮಷರ್ ಸ್ಪಿರಿಟ್ ಒಲೆ ಹಚ್ಚಿ ಪಾತ್ರೆ ಪಾತ್ರೆ ಹಿಮ ಕರಗಿಸುತ್ತಾನೆ. ಸಪ್ಪೆ ನೀರನ್ನು ನಾಯಿ ಮೂಸಿ ಬಿಟ್ಟುಬಿಡಬಹುದು, ಅದಕ್ಕೇ ಮಾಂಸ ಹಾಕಿ ಸಾರಿನಂತೆ ಮಾಡಿ ಕುಡಿಸುತ್ತಾರೆ. ಆರು ಗಂಟೆ ಓಟ, ಆರು ಗಂಟೆ ವಿಶ್ರಾಂತಿ ಎಂಬ ಲೆಕ್ಕದಲ್ಲಿ ವಿಶ್ರಾಂತಿ ನಾಯಿಗೆ ಮಾತ್ರ. ನೀರು, ಊಟ, ಪಾದಕ್ಕೆ ಮುಲಾಮು, ಕಾಲು ನೀವುವುದು ಎಲ್ಲ ಮುಗಿದು ಮನುಷ್ಯನಿಗೆ ಒಂದೆರಡು ಗಂಟೆ ನಿದ್ದೆ ಸಿಕ್ಕರೆ ಪುಣ್ಯ. ನಿದ್ದೆಗೆಟ್ಟು, ಇಲ್ಲದ ಮನೆಗಳನ್ನೂ ಜನರನ್ನೂ ಹಾದಿಯಲ್ಲಿ ಕಂಡೆವೆಂದು ಎಷ್ಟೋ ಮಷರ್‌ಗಳು ಹೇಳಿದ್ದಾರೆ.

ನಾಯಿಗೆ ಇದೆಲ್ಲ ಹಿಂಸೆಯಲ್ಲವೇ ಎಂಬ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲು ನನಗೆ ಮನಸ್ಸಿಲ್ಲ. ಇಡಿಟರಾಡ್ ಮುಗಿಸಿದ ನಾಯಿಗಳ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ, ಸುಮಾರು ಅರ್ಧದಷ್ಟರ ಜಠರದಲ್ಲಿ ಹುಣ್ಣು, ಗಾಯ ಕಂಡಿದ್ದವು. ನಮ್ಮ ಮನೆಗಳಲ್ಲೂ ಇರುವ ಒಮೆಪ್ರಜೋಲ್ ಮಾತ್ರೆ ಇದಕ್ಕೆ ಸಹಾಯ ಮಾಡುತ್ತದೆಂದು ಪ್ರಯೋಗಗಳು ತೋರಿಸಿದವು. ಓಟಕ್ಕೆ ಮೊದಲು ಪ್ರತಿ ನಾಯಿಗೂ ಇಸಿಜಿ, ರಕ್ತಪರೀಕ್ಷೆ ಆಗುತ್ತದೆ. ತಂಗುದಾಣಗಳಲ್ಲಿ ಪಶುವೈದ್ಯರು ನೋಡುತ್ತಾರೆ. ಸೋತ ನಾಯಿಯನ್ನು ಅಲ್ಲೇ ಬಿಟ್ಟರೆ ಸಣ್ಣ ವಿಮಾನದಲ್ಲಿ ವಾಪಸ್ ಕಳಿಸುತ್ತಾರೆ. ಒಮ್ಮೆ 24 ಗಂಟೆ, ಎರಡು ಸಲ 8 ಗಂಟೆ ನಿಲ್ಲಲೇಬೇಕೆಂಬ ನಿಯಮವಿದೆ. ಇಷ್ಟಾದರೂ 2024ರ ಓಟದಲ್ಲಿ ಮೂರು ನಾಯಿಗಳು ಸತ್ತವು. ಎಳೆಯುವ ಹುಮ್ಮಸ್ಸು ನಾಯಿಯದೇ ಇರಬಹುದು. ಎಲ್ಲಿ ನಿಲ್ಲಿಸಬೇಕು ಎಂದು ಅರಿಯುವ ಹೊಣೆ ಪೂರ್ತಿ ಮನುಷ್ಯನದು.

ಆ ಹೊಣೆ ಎಂಥದ್ದೆಂದು 2014ರ ಕೊನೆಯ ರಾತ್ರಿ ತೋರಿಸಿತು. ನಾಲ್ಕು ಸಲ ಗೆದ್ದಿದ್ದ ಜೆಫ್ ಕಿಂಗ್ ಎಲ್ಲರಿಗಿಂತ ಮುಂದಿದ್ದರು. ನೋಮ್ ಇನ್ನು ಸುಮಾರು 40 ಕಿಲೋಮೀಟರ್ ಇರುವಾಗ ಕರಾವಳಿಯ ಬಿರುಗಾಳಿ ಅವರ ತಂಡವನ್ನೇ ದಾರಿಯಿಂದ ಆಚೆ ತಳ್ಳಿತು. ಅವರು ಓಟ ಬಿಟ್ಟು ನಾಯಿಗಳನ್ನು ಉಳಿಸಿಕೊಂಡರು. ಎರಡನೆಯವರಾಗಿದ್ದ ಆಲೀ ಜರ್ಕಲ್, ಸೇಫ್ಟಿ ಎಂಬ ಕೊನೆಯ ತಂಗುದಾಣದಲ್ಲಿ ಗಾಳಿ ತಗ್ಗಲೆಂದು ಕಾದರು. ಡಾಲಸ್ ಸೀವಿ ಇದೊಂದೂ ಗೊತ್ತಿಲ್ಲದೆ ಹಾದುಹೋದರು. ನೋಮ್ ಮುಟ್ಟಿದಾಗ ತಾವು ಮೂರನೆಯವರೆಂದೇ ನಂಬಿದ್ದರು. ಗೆದ್ದಿದ್ದೀರಿ ಎಂದು ಜನ ಹೇಳಬೇಕಾಯಿತು. ಎರಡು ನಿಮಿಷ ಕಳೆಯುವಷ್ಟರಲ್ಲಿ ಆಲೀ ಬಂದರು. ಕಾದು ಕೂತದ್ದಕ್ಕೆ ಅವರು ಗೆಲುವನ್ನೇ ತೆತ್ತರು. ನನ್ನ ಮಟ್ಟಿಗೆ ಆ ಓಟದಲ್ಲಿ ನೆನಪಿಡಬೇಕಾದವರು ಅವರೇ.

ಈಗೀಗ ಬಿರುಗಾಳಿಗಿಂತ ದೊಡ್ಡ ಚಿಂತೆ ಬಂದಿದೆ. 2015ರಲ್ಲಿ, 2017ರಲ್ಲಿ, ಮತ್ತೆ 2025ರಲ್ಲಿ ದಾರಿಯ ದಕ್ಷಿಣ ಭಾಗ ಓಟಕ್ಕೆ ತಕ್ಕ ಹಾಗೆ ಇರಲಿಲ್ಲ. ಓಟದ ಆರಂಭವನ್ನೇ ಉತ್ತರದ ಫೇರ್‌ಬ್ಯಾಂಕ್ಸ್‌ಗೆ ಸಾಗಿಸಬೇಕಾಯಿತು. 2016ರಲ್ಲಿ ಆಂಕರೇಜ್ ಬೀದಿಗಳಲ್ಲಿ ಮೆರವಣಿಗೆ ನಡೆಸುವಷ್ಟೂ ಹಿಮ ಇರಲಿಲ್ಲ. ಆಗ ಫೇರ್‌ಬ್ಯಾಂಕ್ಸ್‌ನಿಂದ ಹಿಮವನ್ನು ರೈಲಿಗೆ ತುಂಬಿ ತಂದರು. ಅದನ್ನು ಟಾರು ರಸ್ತೆಯ ಮೇಲೆ ಹರಡಿದರು. ನಾಯಿಗಳು ಅದರ ಮೇಲೆ ಓಡಿದವು.